ಎರಡು ಚುಕ್ಕಿಯ ಗೆರೆ

ಜನವರಿ 11

ಮಗಳೇ,

ಫೋನ್ ಮಾಡಿ ಮಾಡಿ ಸಾಕಾಗಿ ಕಾಗದ ಹಿಡಿದಿದ್ದೇನೆ. ನೀನು ಮನೆ ಬಿಟ್ಟು ಎರಡು ತಿಂಗಳಾಯಿತು. ನಿನ್ನ ಫೋನು ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಗುತ್ತದೆ. ಎತ್ತಲೇಬಾರದು ಎಂದು ಹಟ ಹಿಡಿದು ಕೂತಿರುವ ನಿನ್ನ ಮುಖ ನನಗೆ ಇಲ್ಲಿಂದಲೇ ಕಾಣುತ್ತದೆ. ಕಾಗದವನ್ನಾದರೂ ಓದುತ್ತೀಯ. ಪೊಟ್ಟಣ ಕಟ್ಟಿದ ಚೂರು ಪೇಪರನ್ನೂ ಬಿಡದೆ ಓದುತ್ತಿದ್ದವಳು ನೀನು.

ಇಲ್ಲಿ ಎಲ್ಲ ಇದ್ದ ಹಾಗೇ ಇದೆ. ಮುಂದಿನ ಕೋಣೆಯಲ್ಲಿ ಸಂಜೆ ನಾಲ್ಕರಿಂದ ಏಳರವರೆಗೆ ಹನ್ನೊಂದು ಮಕ್ಕಳು ಸರದಿಯ ಮೇಲೆ ಬಂದು ಪಿಟೀಲು ಕುಯ್ದು ಹೋಗುತ್ತಾರೆ. ಹೊಸದಾಗಿ ಸೇರಿದ ಹಲ್ಲಿನ ಡಾಕ್ಟರ ಮಗಳಿಗೆ ಕಮಾನು ನೇರವಾಗಿ ಎಳೆಯಲು ಇನ್ನೂ ಬಂದಿಲ್ಲ, ಅವಳ ತಾಯಿಗೆ ಮಾತ್ರ ಆಗಲೇ ವೇದಿಕೆ ಕಾಣುತ್ತಿದೆ. ನಿಮ್ಮಪ್ಪ ಎಂದಿನಂತೆ ಪೇಪರಿನ ಹಿಂದೆ. ನಿನ್ನ ಪಿಯಾನೊ ಮೇಲೆ ಈಗ ಒಗೆದ ಬಟ್ಟೆ ಮಡಿಸಿ ಇಡುತ್ತಿದ್ದೇನೆ. ಬೈಯಬೇಡ, ಮುಚ್ಚಳ ಮುಚ್ಚಿಯೇ ಇದೆ.

ಈಗ ವಿಷಯಕ್ಕೆ ಬರುತ್ತೇನೆ. ಪುಟ್ಟುವಿನ ಸಂಗೀತ ಶಾಲೆಯವರು ಜೂನ್ ಹದಿನಾಲ್ಕಕ್ಕೆ ಯುವ ಕಲಾವಿದರ ಪಿಟೀಲು-ಪಿಯಾನೊ ಕಾರ್ಯಕ್ರಮ ಇಟ್ಟಿದ್ದಾರೆ. ನೀವಿಬ್ಬರೂ ನವೆಂಬರಿನಲ್ಲಿ ನುಡಿಸಿದ ಅದೇ ಸೊನಾಟಾ ನುಡಿಸಬೇಕಂತೆ. ಅಲ್ಲಿಯ ಪಿಯಾನೊ ಹುಡುಗರು ಯಾರೂ ನಿನ್ನ ತಮ್ಮನಿಗೆ ಹೊಂದುತ್ತಿಲ್ಲ. ಒಬ್ಬ ಓಡುತ್ತಾನೆ, ಇನ್ನೊಬ್ಬ ನಡುವೆಯೇ ಮಲಗಿಬಿಡುತ್ತಾನೆ. ಪುಟ್ಟು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಅವನಿಗೆ ಬೇಕಾಗಿರುವುದು ನೀನು. ಹೆತ್ತವಳಿಗೆ ಅಷ್ಟೂ ಗೊತ್ತಾಗುವುದಿಲ್ಲವೇ?

ನವೆಂಬರಿನಲ್ಲಿ ಆದದ್ದು ಆಗಿಹೋಯಿತು. ನೀನು ಬೇಕೆಂದೇ ನಡುವೆ ಪಿಯಾನೊದಿಂದ ಕೈ ಎತ್ತಿದೆ, ಹೊಟ್ಟೆಕಿಚ್ಚಿಗೆ ಹಾಗೆ ಮಾಡಿದೆ ಎಂಬ ಕಹಿ ಅವನ ಮನಸ್ಸಿನಲ್ಲಿ ಇನ್ನೂ ಇದೆ. ಅಕ್ಕ ಅಂಥವಳಲ್ಲ, ಮರೆತಿರಬೇಕು ಎಂದು ನಾನು ಸಮಾಧಾನ ಹೇಳುತ್ತಲೇ ಇದ್ದೇನೆ. ನೀನು ಬಂದು ಒಂದು ಸಲ ಅವನ ಜೊತೆ ನುಡಿಸಿಬಿಟ್ಟರೆ ಎಲ್ಲ ತಣ್ಣಗಾಗುತ್ತದೆ. ನೀನಾಗಿ ಅವನಿಗೆ ಏನೂ ಬರೆಯಲು ಹೋಗಬೇಡ, ಮಾತಿಗೆ ಮಾತು ಬೆಳೆಯುತ್ತದೆ. ನನಗೆ ಬರೆ, ನಾನು ತಿಳಿಸುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಮ್ಮ


ಜನವರಿ 25

ಅಮ್ಮಾ,

ನಿನ್ನ ಕಾಗದ ಮೂರು ಸಲ ಓದಿದೆ. ಮೊದಲ ಸಲ ನಗು ಬಂತು, ಆಮೇಲಿನ ಎರಡು ಸಲ ಬರಲಿಲ್ಲ.

ನಾನು ಈಗ ಒಂದು ನೃತ್ಯಶಾಲೆಯಲ್ಲಿ ಪಿಯಾನೊ ನುಡಿಸುತ್ತೇನೆ. ಮಕ್ಕಳು ಗೋಡೆಯ ಸರಳು ಹಿಡಿದು ಮಂಡಿ ಬಗ್ಗಿಸಲು ಎಂಟು ಮಾತ್ರೆ, ಕಾಲು ಚಾಚಲು ಎಂಟು ಮಾತ್ರೆ. ಬೆಳಗ್ಗೆ ಒಂಬತ್ತರಿಂದ ಒಂದರವರೆಗೆ ಅದೇ ಎಂಟು. ಕಲಿಸುವಾಕೆ ನನ್ನನ್ನು ಹೆಸರು ಹಿಡಿದು ಕರೆಯುವುದಿಲ್ಲ. "ಪಿಯಾನೊ!" ಎಂದು ಕೂಗಿದರೆ ನಾನು ಶುರು ಮಾಡಬೇಕು, ಚಪ್ಪಾಳೆ ತಟ್ಟಿದರೆ ನಿಲ್ಲಿಸಬೇಕು. ಬೇಜಾರೇನೂ ಇಲ್ಲ. ಇಲ್ಲಿ ಏನಾದರೂ ಬದಲಾದರೆ ನನಗೆ ಮೊದಲೇ ಹೇಳುತ್ತಾರೆ.

ಆಗಿಹೋಯಿತು ಎಂದು ಬರೆದಿದ್ದೀಯ. ಏನು ಆಯಿತು ಎಂದು ಒಂದು ಸಲವಾದರೂ ಬರೆಯೋಣ. ಆ ಸೊನಾಟಾದ ಮೊದಲ ಭಾಗದಲ್ಲಿ, ನಾಲ್ಕನೆಯ ಪುಟದ ಕೊನೆಗೆ ಎರಡು ಚುಕ್ಕಿಯ ಗೆರೆ ಇದೆ. ಅಲ್ಲಿಗೆ ಬಂದವರು ಮತ್ತೆ ಮೊದಲಿನಿಂದ ನುಡಿಸಬೇಕು. ನಾಲ್ಕು ತಿಂಗಳು ನಾವಿಬ್ಬರೂ ಆ ರಿಪೀಟ್ ಮಾಡಿಯೇ ಅಭ್ಯಾಸ ಮಾಡಿದ್ದೆವು. ವೇದಿಕೆಯ ಮೇಲೂ ನಾನು ಹಾಗೇ ಪುಟಗಳನ್ನು ಹಿಂದಕ್ಕೆ ತಿರುಗಿಸಿ ಮೊದಲ ಸಾಲು ಹಿಡಿದೆ. ಪುಟ್ಟು ಮುಂದಕ್ಕೆ ಹೋದ. ಅವನ ಐದನೆಯ ಪುಟ, ನನ್ನ ಮೊದಲನೆಯ ಪುಟ, ಎರಡೂ ಒಟ್ಟಿಗೆ ಕೇಳಿಸಿದಾಗ ಮುಂದಿನ ಸಾಲಿನ ಮುದುಕರೊಬ್ಬರು ಹಲ್ಲುನೋವು ಬಂದವರಂತೆ ಕೆನ್ನೆ ಹಿಡಿದುಕೊಂಡರು. ನಾನು ಕೈ ಎತ್ತಿದೆ. ಅವನು ಒಬ್ಬನೇ ಹೋಗುತ್ತಿದ್ದ. ಪುಟ ಹುಡುಕಿ ಅವನನ್ನು ಹೋಗಿ ಹಿಡಿದೆ. ಎಲ್ಲ ಸೇರಿ ಹತ್ತು ಸೆಕೆಂಡು ಇದ್ದೀತು. ಸಭೆಗೆ ಕಂಡದ್ದು ಇಷ್ಟೇ: ಪಿಟೀಲು ನಿಲ್ಲಲಿಲ್ಲ, ಪಿಯಾನೊ ನಿಂತಿತು.

ಕಾರ್ಯಕ್ರಮ ತಡವಾಗಿದೆ, ಮೂರು ನಿಮಿಷ ಕಡಿಮೆ ಮಾಡಿ ಎಂದು ವ್ಯವಸ್ಥಾಪಕರು ಬಂದು ಹೇಳಿದ್ದರಂತೆ, ಆಮೇಲೆ ಅವರಿಂದಲೇ ನನಗೆ ಗೊತ್ತಾಯಿತು. ರಿಪೀಟ್ ಬಿಡೋಣ ಎಂದು ನೀನು ತೀರ್ಮಾನ ಮಾಡಿ ಪುಟ್ಟುವಿಗೆ ಹೇಳಿದೆಯಂತೆ. ನಾನು ಆಗ ವೇದಿಕೆಯ ಮೇಲೆ, ಅಲ್ಲಾಡುವ ಸ್ಟೂಲಿನ ಕಾಲಿಗೆ ಕಾಗದ ಮಡಿಸಿ ಇಡುತ್ತಿದ್ದೆ. ನನಗೆ ಯಾರೂ ಹೇಳಲಿಲ್ಲ. ಪುಟ್ಟು ಈಗಿರುವ ಶಾಲೆಯ ಹಿರಿಯ ಮೇಷ್ಟ್ರು ಆ ದಿನ ಬಂದಿದ್ದದ್ದೇ ಅಕ್ಕ-ತಮ್ಮ ಇಬ್ಬರನ್ನೂ ಜೋಡಿಯಾಗಿ ತಮ್ಮ ಶಾಲೆಗೆ ತೆಗೆದುಕೊಳ್ಳಲು. ಅವನನ್ನು ತೆಗೆದುಕೊಂಡರು, ನನ್ನನ್ನು ಬಿಟ್ಟರು. ಅದು ಹೋಗಲಿ, ಆ ಆಸೆ ಬಿಟ್ಟಿದ್ದೇನೆ.

ಜೂನಿಗೆ ಬರುತ್ತೇನೆ. ನನ್ನದೊಂದೇ ಷರತ್ತು. ನೀನು ಪುಟ್ಟುವಿಗೆ ಒಂದು ಸಾಲು ಬರೆಯಬೇಕು: ರಿಪೀಟ್ ಬಿಟ್ಟ ವಿಷಯ ನಾನು ಅಕ್ಕನಿಗೆ ಹೇಳಿರಲಿಲ್ಲ, ಅಷ್ಟೇ. ನಾನೇ ಬರೆದರೆ ನೆಪ ಹೇಳುತ್ತಿದ್ದಾಳೆ ಎಂದುಕೊಳ್ಳುತ್ತಾನೆ. ಯಾರು ಏನಾದರೂ ಅಂದುಕೊಳ್ಳಲಿ, ಎತ್ತಿ ಆಡಿಸಿದ ತಮ್ಮನ ಕಣ್ಣಲ್ಲಿ ನಾನು ಹೊಟ್ಟೆಕಿಚ್ಚಿನವಳಾಗಿ ಬದುಕಲಾರೆ.

ನಿನ್ನ ಮಗಳು


ಫೆಬ್ರವರಿ 6

ಮಗಳೇ,

ತಾಯಿಗೆ ಷರತ್ತು ಹಾಕುವಷ್ಟು ದೊಡ್ಡವಳಾದೆ. ಸಂತೋಷ.

ನಾನು ಹೇಳಿದ್ದೆ. ನಿನಗೆ ನೆನಪಿಲ್ಲದಿದ್ದರೆ ನಾನೇನು ಮಾಡಲಿ? ಒಳಗಿನ ಓಣಿಯಲ್ಲಿ ನೀನು ಕೈ ತೊಳೆಯುತ್ತಿದ್ದೆ. ನಾನು ಹಿಂದಿನಿಂದ ಬಂದು "ರಿಪೀಟ್ ಇಲ್ಲ ಕಣೇ" ಅಂದೆ. ನೀನು "ಹ್ಞೂಂ" ಅಂದೆ. ನಲ್ಲಿಯ ನೀರಿನ ಸದ್ದಿಗೆ ಕೇಳಿಸದೆ ಹೋಗಿರಬಹುದು. ಕೇಳಿಸದೆ ಹ್ಞೂಂ ಅನ್ನುವುದು ನಿಮ್ಮಪ್ಪನ ಕಡೆಯಿಂದ ಬಂದ ಗುಣ, ನನ್ನದಲ್ಲ.

ಒಂದು ಚಿಕ್ಕ ವಿಷಯವನ್ನು ಹಿಡಿದುಕೊಂಡು ಎಷ್ಟು ಎಳೆಯುತ್ತೀಯ? ತಪ್ಪು ಯಾರದಾದರೇನು, ಒಬ್ಬನಾದರೂ ದಡ ಸೇರಿದನಲ್ಲ ಎಂದು ಸಮಾಧಾನ ಮಾಡಿಕೊಳ್ಳಬಾರದೇ? ಈಗ ನಾನು ಅವನಿಗೆ ಏನೇನೋ ಬರೆದು, ಓದುವ ಹುಡುಗನ ತಲೆ ಕೆಡಿಸಿ, ಯಾರಿಗೆ ಏನು ಸಿಗುತ್ತದೆ? ಬರುವುದಿದ್ದರೆ ಬಾ. ಅಭ್ಯಾಸಕ್ಕೆ ಹದಿನೈದು ದಿನ ಮೊದಲೇ ಬರಬೇಕು, ರಜೆ ಕೇಳಿಟ್ಟುಕೊ.

ಅಮ್ಮ


ಫೆಬ್ರವರಿ 15

ಅಮ್ಮಾ,

ಹುಟ್ಟಿದಾಗಿನಿಂದ ನೀನು ಹೇಳಿದ ಯಾವ ಮಾತಿಗಾದರೂ ನಾನು ಬರೀ "ಹ್ಞೂಂ" ಅಂದದ್ದುಂಟೇ? ಯಾಕೆ, ಏನು, ಯಾರು ಹೇಳಿದರು ಎಂದು ನಿನ್ನ ಪ್ರಾಣ ತಿನ್ನುತ್ತಿದ್ದೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವಳು ನೀನೇ. ಸುಳ್ಳು ಹೇಳುವುದಿದ್ದರೂ ನನಗೆ ಒಪ್ಪುವ ಸುಳ್ಳು ಹೇಳು.

ನಿನ್ನ ಪಾಠದ ಕೋಣೆಯಲ್ಲಿ ಒಂದು ನಿಯಮ ಇದೆ. ಆರು ವರ್ಷದ ಮಗುವಿಗೂ ಅದನ್ನು ಮೊದಲ ದಿನವೇ ಹೇಳುತ್ತೀಯ. ನುಡಿಸುವುದರಲ್ಲಿ ಏನು ಬದಲಾದರೂ ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ, ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಬೇಕು, ಅದನ್ನೂ ಜೊತೆಯವರೆಲ್ಲರ ಪುಸ್ತಕದಲ್ಲಿ ಹಾಕಬೇಕು. ನಮ್ಮಿಬ್ಬರ ಪುಸ್ತಕಗಳಿಗೂ ನೀನೇ ಹಾಕುತ್ತಿದ್ದೆ, ನಮ್ಮನ್ನು ನಂಬುತ್ತಿರಲಿಲ್ಲ.

ನನ್ನ ಪುಸ್ತಕ ಈಗ ನನ್ನ ಮೇಜಿನ ಮೇಲಿದೆ. ಸೊನಾಟಾದ ಮೊದಲ ಭಾಗದಲ್ಲಿ ನಿನ್ನ ಕೆಂಪು ಗುರುತುಗಳು ಮೂವತ್ತೆಂಟು. "ಮೆಲ್ಲಗೆ." "ಪುಟ್ಟು ಉಸಿರು ತೆಗೆದುಕೊಳ್ಳುತ್ತಾನೆ, ಕಾಯಿ." "ಇಲ್ಲಿ ಅವನದು ಕೇಳಿಸಬೇಕು, ನಿನ್ನದಲ್ಲ." ಎರಡು ಚುಕ್ಕಿಯ ಗೆರೆಯ ಹತ್ತಿರ ಒಂದು ಗೀಟೂ ಇಲ್ಲ. ಆ ದಿನ ಎಲ್ಲ ಮುಗಿದಮೇಲೆ ಪುಟ್ಟುವಿನ ಹಾಳೆಗಳನ್ನು ಚೀಲಕ್ಕೆ ತುಂಬಿದವಳು ನಾನು. ಅವನದರಲ್ಲಿ ಆ ಗೆರೆಯ ಮೇಲೆ ಉದ್ದಕ್ಕೆ ಕೆಂಪು ಗೀಟಿತ್ತು. ಅದನ್ನು ನೋಡಿಯೇ ನಾನು ಊರು ಬಿಟ್ಟದ್ದು. ನಿನ್ನ ಬಾಯಿಂದ ಬರಲಿ ಎಂದು ಇಷ್ಟು ದಿನ ಹೇಳಲಿಲ್ಲ.

ಒಂದು ಸಾಲು, ಅಮ್ಮ. ಅವನಿಗೆ ಬರೆ.

ಮಗಳು


ಏಪ್ರಿಲ್ 2

ಮಗಳೇ,

ಆರು ವಾರ ಬರೆಯಲಿಲ್ಲ. ಮಕ್ಕಳಿಗೆ ಪರೀಕ್ಷೆ ಇತ್ತು, ನನಗೆ ಕುತ್ತಿಗೆ ನೋವಿತ್ತು. ಎರಡೂ ನಿಜ, ಎರಡೂ ಕಾರಣವಲ್ಲ.

ನಾನು ನಿನಗೆ ಹೇಳಲಿಲ್ಲ. ನಲ್ಲಿಯ ಕಥೆ ಕಟ್ಟಿದ್ದು. ವ್ಯವಸ್ಥಾಪಕರು ಗಡಿಯಾರ ತೋರಿಸುತ್ತ ಬಾಗಿಲಲ್ಲಿ ನಿಂತಿದ್ದರು. ಪುಟ್ಟುವಿನ ಹಾಳೆಗೆ ಗುರುತು ಹಾಕಿದೆ. ನಿನ್ನ ಪುಸ್ತಕ ಆಗಲೇ ವೇದಿಕೆಯ ಮೇಲೆ, ಪಿಯಾನೊ ಮೇಲಿತ್ತು. ನೀನು ಒಳಗೆ ಬಂದಾಗ ಹೇಳಿದರಾಯಿತು ಎಂದುಕೊಂಡೆ. ನೀನು ಬಂದೆ. ನಾನು ಪುಟ್ಟುವಿನ ಕಾಲರ್ ಸರಿಮಾಡುತ್ತಿದ್ದೆ. ಅಷ್ಟರಲ್ಲಿ ನಿಮ್ಮನ್ನು ಕರೆದರು. ಮರೆತೆ.

ಮೂವತ್ತು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಮರೆತೆ ಎಂದು ಒಪ್ಪಿಕೊಳ್ಳಲು ನಾಲಿಗೆ ಏಳಲಿಲ್ಲ, ಅಷ್ಟೇ. ನೀನು ಕೇಳಿದ ಸಾಲನ್ನು ನಿನ್ನೆ ಪುಟ್ಟುವಿಗೆ ಬರೆದು ಅಂಚೆಗೆ ಹಾಕಿದೆ. ಅಕ್ಕನ ಮೇಲೆ ಅನುಮಾನ ಇದ್ದರೆ ಬಿಟ್ಟುಬಿಡು, ತಪ್ಪು ನನ್ನದು ಎಂದೂ ಸೇರಿಸಿದ್ದೇನೆ. ಈಗ ನಿನಗೆ ಸಮಾಧಾನವಾಯಿತೇ?

ಜೂನಿಗೆ ಬರುತ್ತೀಯಲ್ಲ? ಶ್ರುತಿ ಮಾಡುವವರನ್ನು ಕರೆಸಿ ನಿನ್ನ ಪಿಯಾನೊ ನೋಡಿಸುತ್ತೇನೆ. ಬಟ್ಟೆ ತೆಗೆದಿದ್ದೇನೆ.

ಅಮ್ಮ


ಏಪ್ರಿಲ್ 20

ಅಕ್ಕಾ,

ನನ್ನ ಅಕ್ಷರ ನೋಡಿ ಕಾಗದ ಒಡೆಯದೆ ಇಟ್ಟುಬಿಡುತ್ತೀಯೇನೋ ಎಂಬ ಹೆದರಿಕೆಯಿಂದಲೇ ಬರೆಯುತ್ತಿದ್ದೇನೆ.

ಅಮ್ಮ ಬರೆದಿದ್ದಾಳೆ. ರಿಪೀಟ್ ವಿಷಯ ನಿನಗೆ ಹೇಳಲು ಮರೆತಳಂತೆ. ಅಕ್ಕನ ಮೇಲೆ ಅನುಮಾನ ಬಿಟ್ಟುಬಿಡು ಎಂದೂ ಬರೆದಿದ್ದಾಳೆ. ಅನುಮಾನ ಇಟ್ಟುಕೊಂಡವರು ಯಾರು? ನೀನು ಬೇಕೆಂದು ಮಾಡಿದೆ ಎಂದು ನಾನು ಯಾರ ಹತ್ತಿರವೂ ಒಂದು ಮಾತು ಆಡಿಲ್ಲ. ಆಡಲು ನನಗೆ ಮುಖವೆಲ್ಲಿದೆ? ಅಕ್ಕ ನಿನ್ನ ಮೇಲೆ ಉರಿಯುತ್ತಿದ್ದಾಳೆ, ನೀನಾಗಿ ಬರೆಯಬೇಡ, ನಾನು ನೋಡಿಕೊಳ್ಳುತ್ತೇನೆ ಎಂದು ಅಮ್ಮ ಹೇಳುತ್ತಲೇ ಇದ್ದಳು. ನನಗೂ ಅದೇ ಬೇಕಾಗಿತ್ತು, ಸುಮ್ಮನಿದ್ದೆ.

ಅಮ್ಮ ಮರೆತದ್ದಲ್ಲ, ಅಕ್ಕ. ಅವಳು ನನ್ನ ಹಾಳೆಯ ಮೇಲೆ ಗೀಟು ಎಳೆದಳು. "ಅಕ್ಕಂಗೆ ಹೇಳಿ ಬರ್ಲಾ?" ಅಂತ ನಾನೇ ಕೇಳಿದೆ. "ಬೇಡ, ಈಗ ಹೇಳಿದ್ರೆ ಯಾಕೆ ಏನು ಅಂತ ವಾದಕ್ಕೆ ನಿಲ್ತಾಳೆ, ಹೊತ್ತಿಲ್ಲ. ನೀನು ಸುಮ್ನೆ ಮುಂದೆ ಹೋಗು, ಅವಳು ಹೇಗಿದ್ರೂ ನಿನ್ನ ಹಿಂದೆ ಬರ್ತಾಳೆ" ಅಂದಳು. ನನಗೂ ಅದು ಸರಿ ಅನ್ನಿಸಿತು. ಅಭ್ಯಾಸದಲ್ಲಿ ನಾನು ಎಷ್ಟು ಸಲ ಸಾಲು ಹಾರಿಸಿಲ್ಲ? ಪ್ರತಿ ಸಲವೂ ನೀನು ಜೊತೆಗೆ ಹಾರಿ ಬಂದು ನನ್ನನ್ನು ಉಳಿಸಿದ್ದೀಯ. ಈ ಸಲ ನೀನು ಪುಟಗಳನ್ನೇ ಹಿಂದಕ್ಕೆ ತಿರುಗಿಸಿರುತ್ತೀಯ ಎಂದು ನನಗೂ ಅಮ್ಮನಿಗೂ ಹೊಳೆಯಲಿಲ್ಲ.

ಇನ್ನೂ ಒಂದಿದೆ. ಅದನ್ನು ಅಮ್ಮ ಬರೆದಿಲ್ಲ, ಬರೆಯುವುದೂ ಇಲ್ಲ. ಕಾರ್ಯಕ್ರಮ ಮುಗಿದಮೇಲೆ ಮೇಷ್ಟ್ರು ವೇದಿಕೆಯ ಪಕ್ಕಕ್ಕೆ ಬಂದರು. "ರಿಪೀಟ್ ಬಿಡೋದು ಮೊದಲೇ ಮಾತಾಗಿತ್ತಾ?" ಅಂತ ಕೇಳಿದರು. ನಾನು "ಹೌದು ಸರ್, ಮಾತಾಗಿತ್ತು, ಅಕ್ಕ ಮರೆತುಬಿಟ್ಲು" ಅಂದೆ. ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ. ಬೆವರುತ್ತಿದ್ದೆ, ಅವರು ನನ್ನ ಮೇಲೆ ಬೇಸರಪಟ್ಟಂತೆ ಕಂಡಿತು. "ಮಾತಾಡ್ಕೊಂಡಿದ್ದನ್ನ ವೇದಿಕೆ ಮೇಲೆ ಮರೆಯೋರನ್ನ ಜೋಡಿ ಅಂತ ತಗೊಳ್ಳೋದು ಕಷ್ಟ" ಅಂದರು. ಅಮ್ಮ ನನ್ನ ಪಿಟೀಲಿನ ಪೆಟ್ಟಿಗೆ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ನನ್ನನ್ನು ಒಂದು ಸಲ ನೋಡಿ ಪೆಟ್ಟಿಗೆಯ ಕೊಂಡಿ ಹಾಕಿದಳು.

ಹೋದ ವಾರ ಮೇಷ್ಟ್ರ ಕೋಣೆಗೆ ಹೋಗಿ ನಿಜ ಹೇಳಿದೆ. ಪಿಯಾನೊಗೆ ಬೇರೆಯವರನ್ನು ತೆಗೆದುಕೊಂಡಾಗಿದೆ, ಮುಂದಿನ ವರ್ಷಕ್ಕೆ ನಿನ್ನ ಅಕ್ಕನಿಗೆ ವಯಸ್ಸು ಮೀರುತ್ತದೆ ಎಂದರು. ಅಷ್ಟೇ. ನನ್ನನ್ನು ಹೊರಗೆ ಹಾಕುತ್ತಾರೆ ಎಂದುಕೊಂಡಿದ್ದೆ, ಹಾಕಲಿಲ್ಲ. ಹಾಕಿದ್ದರೆ ಒಳ್ಳೆಯದಿತ್ತು ಎಂದು ಬರೆದರೆ ಅದೂ ಸುಳ್ಳಾಗುತ್ತದೆ.

ಜೂನಿಗೆ ಬಾ ಎಂದು ಕೇಳಲು ಬಾಯಿಲ್ಲ.

ನಿನ್ನ ಪುಟ್ಟು


ಮೇ 4

ಅಮ್ಮಾ,

ಪುಟ್ಟು ಎಲ್ಲ ಬರೆದಿದ್ದಾನೆ.

ಗೊತ್ತಿದ್ದವನಿಗೆ ಗೊತ್ತುಮಾಡು ಎಂದು ಎರಡು ತಿಂಗಳು ನಿನ್ನ ಕಾಲು ಹಿಡಿದೆನಲ್ಲ, ಆಗ ನಿನಗೆ ಒಳಗೊಳಗೇ ಏನನ್ನಿಸುತ್ತಿತ್ತು? ಅವನಿಗೆ ನನ್ನ ಮೇಲೆ ಕಹಿ, ನನಗೆ ಅವನ ಮೇಲೆ ಉರಿ ಎಂದು ಇಬ್ಬರಿಗೂ ಇಲ್ಲದ್ದನ್ನು ಹಂಚಿ, ನಡುವೆ ನೀನು ಕೂತಿದ್ದೆ. ನಾವಿಬ್ಬರೂ ಒಂದು ಸಲ ಮಾತಾಡಿದ್ದರೆ ನಿನ್ನ ಗಂಟು ಐದು ನಿಮಿಷಕ್ಕೆ ಬಿಚ್ಚಿಕೊಳ್ಳುತ್ತಿತ್ತು.

ಪುಟ್ಟುವಿಗೆ ಬೇರೆ ಬರೆದಿದ್ದೇನೆ. ಅವನಿಗೆ ಹತ್ತೊಂಬತ್ತು, ಹೆದರಿದ್ದ, ಈಗ ತಾನಾಗಿಯೇ ಹೋಗಿ ಒಪ್ಪಿಕೊಂಡು ಬಂದಿದ್ದಾನೆ. ಅವನ ಮೇಲೆ ಕೋಪ ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಆದರೂ ಜೂನಿನಲ್ಲಿ ಅವನ ಜೊತೆ ನುಡಿಸುವುದಿಲ್ಲ. ಅವನ ಹಿಂದೆ ಹೋಗುವುದು ನನಗೆ ಅಷ್ಟು ಅಭ್ಯಾಸವಾಗಿದೆ ಎಂದು ನೀವಿಬ್ಬರೂ ಹೇಳಿದಮೇಲೆಯೇ ನನಗೆ ಗೊತ್ತಾದದ್ದು. ಸೊನಾಟಾದಲ್ಲಿ ಪಿಟೀಲು, ಪಿಯಾನೊ ಎರಡೂ ಸಮ, ಯಾರೂ ಯಾರಿಗೂ ಪಕ್ಕವಾದ್ಯವಲ್ಲ ಎಂದು ಕಲಿಸಿದವಳು ನೀನು.

ನನ್ನದು ಒಂದೇ ಪ್ರಶ್ನೆ. ಮುಂಚೆ ಹೇಳದೆ ಹೋದದ್ದು ಬಿಡು, ಗಡಿಬಿಡಿಯಿತ್ತು. ಅವನು ಮೇಷ್ಟ್ರಿಗೆ ಹಾಗೆ ಹೇಳಿದಾಗ ನೀನು ಪಕ್ಕದಲ್ಲಿದ್ದೆ, ನಾನು ಎಂಟು ಹೆಜ್ಜೆ ದೂರದಲ್ಲಿದ್ದೆ. ಇಬ್ಬರಲ್ಲಿ ಅವನನ್ನು ಆರಿಸಿದೆಯಲ್ಲ, ಯಾಕೆ?

ಇಲ್ಲಿಯದೊಂದು ಸುದ್ದಿ. ತರಗತಿ ಮುಗಿದಮೇಲೆ ನಾನು ನುಡಿಸಿಕೊಳ್ಳುವುದನ್ನು ನೃತ್ಯಶಾಲೆಯ ಯಜಮಾನಿ ಕೇಳಿಸಿಕೊಂಡಿದ್ದಾರೆ. ತಮ್ಮ ಸಭಾಂಗಣದಲ್ಲಿ ನನ್ನದೊಂದು ಪಿಯಾನೊ ಕಾರ್ಯಕ್ರಮ ಇಡುತ್ತಾರೆ, ನನ್ನೊಬ್ಬಳದೇ. ಜೂನ್ ಏಳು ಇಲ್ಲವೇ ಹದಿನಾಲ್ಕು, ಯಾವುದು ಬೇಕೋ ಹೇಳು ಅಂದರು. ನಾನು ಬೇಕೆಂದೇ ಹದಿನಾಲ್ಕು ಅಂದೆ. ಅಷ್ಟು ಒಳ್ಳೆಯವಳಲ್ಲ ನಾನು, ಅದು ನಿನಗೆ ಗೊತ್ತಿರಲಿ. ಎಂಬತ್ತು ಕುರ್ಚಿ. ಸಂಜೆ ಐದಕ್ಕೆ ಶುರು. ಬಾ ಅಂತ ಕರೆಯುತ್ತಿದ್ದೇನೆ, ಅಮ್ಮ.

ನಿನ್ನ ಮಗಳು


ಮೇ 21

ಮಗಳೇ,

ಎರಡು ವಾರ ಈ ಕಾಗದವನ್ನು ಬರೆದು ಹರಿದು ಮಾಡಿದ್ದೇನೆ. ಇದರಲ್ಲಿ ಒಂದಾದರೂ ಸುಳ್ಳಿದ್ದರೆ ನೀನು ಕಂಡುಹಿಡಿಯುತ್ತೀಯ ಎಂಬ ಭಯ.

ಪುಟ್ಟು ಬರೆದದ್ದೆಲ್ಲ ನಿಜ. ಅವನು ಮೇಷ್ಟ್ರಿಗೆ ಹಾಗೆ ಹೇಳಿದಾಗ, ಇಲ್ಲ ಸರ್, ಅವಳಿಗೆ ನಾವು ಹೇಳಿರಲಿಲ್ಲ ಎಂಬ ಮಾತು ನನ್ನ ಬಾಯವರೆಗೆ ಬಂತು. ಹೇಳಿದರೆ ಅವನು ಅವರ ಎದುರಿಗೆ ಸುಳ್ಳುಗಾರನಾಗುತ್ತಾನೆ, ಇಬ್ಬರಿಗೂ ತಪ್ಪಿಹೋಗುತ್ತದೆ ಎಂದೂ ಅನ್ನಿಸಿತು. ನಿನ್ನ ಕಡೆ ನೋಡಿದೆ. ನೀನು ಒಬ್ಬಳೇ ಪಿಯಾನೊ ಮುಚ್ಚಳ ಮುಚ್ಚುತ್ತಿದ್ದೆ. ಅಳುತ್ತಿರಲಿಲ್ಲ. ಇವಳು ತಡೆದುಕೊಳ್ಳುತ್ತಾಳೆ ಅಂದುಕೊಂಡೆ. ಆರಿಸಿದೆ ಎಂದು ಬರೆದಿದ್ದೀಯ. ಆರಿಸಲು ಒಂದು ಗಳಿಗೆಯಾದರೂ ತೂಗಿ ನೋಡಬೇಕಲ್ಲ? ನನಗೆ ಅದೂ ಬೇಕಾಗಲಿಲ್ಲ. ನೀನು ಕೇಳುವವರೆಗೆ ಅಲ್ಲಿ ಆರಿಸುವುದೊಂದಿತ್ತು ಎಂದೇ ನನಗೆ ತಿಳಿದಿರಲಿಲ್ಲ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆ ಬರುತ್ತಿದೆ.

ನೀವಿಬ್ಬರೂ ಮಾತಾಡದ ಹಾಗೆ ನೋಡಿಕೊಂಡದ್ದೂ ನಾನೇ. ಅವನ ಸುಳ್ಳು ನಿನಗೆ ಗೊತ್ತಾದರೆ ನೀನು ಅವನನ್ನು ಬಿಟ್ಟುಬಿಡುತ್ತೀಯ ಎಂದು ಹೆದರಿದೆ. ನೀನು ಅವನನ್ನು ಬಿಡಲಿಲ್ಲ. ಅದನ್ನೂ ನಾನು ತಪ್ಪಾಗಿಯೇ ಎಣಿಸಿದ್ದೆ.

ಈಗ ಜೂನ್ ಹದಿನಾಲ್ಕರ ಮಾತು. ನಾನು ಪುಟ್ಟುವಿನ ಕಾರ್ಯಕ್ರಮಕ್ಕೆ ಹೋಗುತ್ತಿದ್ದೇನೆ. ನೀನು ಬರುವುದಿಲ್ಲ ಎಂದು ತಿಳಿದಂದಿನಿಂದ ಅವನ ಕಮಾನು ತಂತಿಯ ಮೇಲೆ ನಿಲ್ಲುತ್ತಿಲ್ಲವಂತೆ. ನಾನು ಎದುರಿಗೆ ಕೂತಿರದಿದ್ದರೆ ಅವನಿಂದ ಆಗುವುದಿಲ್ಲ. ಇದು ನ್ಯಾಯ ಎಂದು ನಾನು ಬರೆಯುತ್ತಿಲ್ಲ. ಮೊದಲ ಸಲ ಯೋಚಿಸದೆ ಮಾಡಿದೆ. ಈ ಸಲ ಹದಿನೈದು ದಿನ ಯೋಚಿಸಿ, ಎಲ್ಲ ಗೊತ್ತಿದ್ದೂ, ಅದನ್ನೇ ಮಾಡುತ್ತಿದ್ದೇನೆ. ನೀನು ಏನು ಅಂದರೂ ಅನ್ನು, ಇಲ್ಲವೇ ಏನೂ ಅನ್ನದೆ ಇರು.

ನಿನ್ನ ಬಗ್ಗೆ ನನಗೆ ಯಾವತ್ತೂ ಭಯವಾಗಿಲ್ಲ. ಚೆನ್ನಾಗಿ ನುಡಿಸು ಎಂದು ನಿನಗೆ ಬೇರೆ ಹೇಳಬೇಕೇ?

ಅಮ್ಮ